ಹಾಡುವ ದೇಹ, ಕಲಿಸುವ ಸಮುದಾಯ: ಸಂಗೀತದ ಜೈವಿಕ ಮೂಲದ ಶೋಧನೆಯ ಚರಿತ್ರೆ

1. ಪೀಠಿಕೆ

ಸಂಗೀತದ ಹುಟ್ಟನ್ನು ಪ್ರಾಣಿಲೋಕದೊಡನೆ ಜೋಡಿಸಿ ನೋಡುವ ಕ್ರಮ ಭಾರತೀಯ ಪರಂಪರೆಗೆ ಹೊಸದಲ್ಲ. ನಾರದೀಯ ಶಿಕ್ಷೆಯು ಸಪ್ತಸ್ವರಗಳನ್ನು ಪ್ರಾಣಿಗಳ ದನಿಗೆ ಹೊಂದಿಸಿ ಹೇಳುತ್ತದೆ. ಷಡ್ಜವು ನವಿಲಿನದು, ಋಷಭವು ಗೋವಿನದು, ಗಾಂಧಾರವು ಆಡು-ಕುರಿಗಳದು, ಮಧ್ಯಮವು ಕ್ರೌಂಚದ್ದು, ಪಂಚಮವು ಕೋಗಿಲೆಯದು, ಧೈವತವು ಕುದುರೆಯದು, ನಿಷಾದವು ಆನೆಯದು. ಮತಂಗನ ಬೃಹದ್ದೇಶಿ ಮತ್ತು ಶಾರ್ಙ್ಗದೇವನ ಸಂಗೀತರತ್ನಾಕರಗಳಲ್ಲಿ ಗೋವಿನ ಸ್ಥಾನಕ್ಕೆ ಚಾತಕವೂ ಕುದುರೆಯ ಸ್ಥಾನಕ್ಕೆ ಕಪ್ಪೆಯೂ ಬರುತ್ತವೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾದದ ವಿಚಾರಕ್ಕೆ ಮೊದಲು ಪಿಂಡೋತ್ಪತ್ತಿಯನ್ನು, ಅಂದರೆ ಮನುಷ್ಯದೇಹವು ಗರ್ಭದಲ್ಲಿ ರೂಪುಗೊಳ್ಳುವ ಬಗೆಯನ್ನು ವಿವರಿಸುತ್ತಾನೆ. ಹದಿನೈದನೆಯ ಶತಮಾನದಲ್ಲಿ ಈ ಗ್ರಂಥಕ್ಕೆ ‘ಕಲಾನಿಧಿ’ ಎಂಬ ವ್ಯಾಖ್ಯಾನವನ್ನು ಬರೆದ ಕಲ್ಲಿನಾಥನು ವಿಜಯನಗರದ ಆಶ್ರಯದಲ್ಲಿದ್ದವನು. ದೇಹವಿಲ್ಲದೆ ನಾದವಿಲ್ಲ ಎಂಬ ತಿಳಿವಳಿಕೆ ಈ ಶಾಸ್ತ್ರಕಾರರೆಲ್ಲರಿಗೂ ಇತ್ತು.

ಇವು ಆಧುನಿಕ ಅರ್ಥದ ವಿಕಾಸವಾದಗಳಲ್ಲ. ಆದರೆ ಸಂಗೀತವು ದೇಹಕ್ಕೆ ಸೇರಿದ್ದೇ, ಕಲಿಕೆಗೆ ಸೇರಿದ್ದೇ ಎಂಬ ಪ್ರಶ್ನೆ ಇವುಗಳ ಒಳಗೇ ಅಡಗಿದೆ. ಹತ್ತೊಂಬತ್ತನೆಯ ಶತಮಾನದ ಯುರೋಪಿನಲ್ಲಿ ಈ ಪ್ರಶ್ನೆಯು ವಿಜ್ಞಾನದ ಪ್ರಶ್ನೆಯಾಗಿ ಮರುಹುಟ್ಟು ಪಡೆಯಿತು. ಅಲ್ಲಿಂದೀಚೆಗೆ ಅದಕ್ಕೆ ದೊರೆತ ಉತ್ತರಗಳ ಚರಿತ್ರೆಯು ಕೇವಲ ಜೀವವಿಜ್ಞಾನದ ಚರಿತ್ರೆಯಲ್ಲ. ಜಗತ್ತಿನ ಅನಕ್ಷರಸ್ಥ ಹಾಡುಗಾರರನ್ನು ವಿದ್ಯಾವಂತ ಲೋಕವು ಯಾವ ಸ್ಥಾನದಲ್ಲಿ ಇಟ್ಟು ನೋಡಿತು ಎಂಬುದರ ಚರಿತ್ರೆಯೂ ಹೌದು. ತೊಟ್ಟಿಲು ತೂಗುವ ತಾಯಿ, ಬೀಸುವ ಕಲ್ಲಿನ ಮುಂದೆ ಕುಳಿತ ಗರತಿ, ನಾಟಿಯ ಗದ್ದೆಯಲ್ಲಿ ಸೊಲ್ಲು ಹಿಡಿಯುವ ಹೆಂಗಸರ ಗುಂಪು, ಇವರೆಲ್ಲ ಈ ಚರ್ಚೆಯಲ್ಲಿ ಮೊದಲು ‘ಆದಿಮ’ರಾಗಿ ಕಾಣಿಸಿಕೊಂಡು, ಕೊನೆಗೆ ಪ್ರಮುಖ ಸಾಕ್ಷಿಗಳಾಗಿ ನಿಲ್ಲುತ್ತಾರೆ. ಈ ಸ್ಥಾನಪಲ್ಲಟವು ಹೇಗೆ ನಡೆಯಿತು, ಅದರಿಂದ ಜಾನಪದ ಅಧ್ಯಯನಕ್ಕೆ ಯಾವ ಹೊಣೆ ಒದಗಿದೆ ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

2. ಮಾತು ಮೊದಲೋ ಹಾಡು ಮೊದಲೋ

1857ರಲ್ಲಿ ಹರ್ಬರ್ಟ್ ಸ್ಪೆನ್ಸರನು ಸಂಗೀತದ ಉಗಮ ಮತ್ತು ಪ್ರಯೋಜನವನ್ನು ಕುರಿತು ಒಂದು ಪ್ರಬಂಧವನ್ನು ಪ್ರಕಟಿಸಿದನು. ಭಾವೋದ್ರೇಕವು ದೇಹದ ಸ್ನಾಯುಗಳನ್ನು ಕೆರಳಿಸುತ್ತದೆ. ಎದೆ, ಗಂಟಲು, ಧ್ವನಿತಂತುಗಳೂ ಸ್ನಾಯುಗಳಿಂದಲೇ ನಡೆಯುವುದರಿಂದ ಉದ್ರೇಕಗೊಂಡವನ ದನಿಯ ಗಾತ್ರ, ಏರಿಳಿತ, ಬಣ್ಣಗಳು ಬದಲಾಗುತ್ತವೆ. ಭಾವಭರಿತವಾದ ಈ ಮಾತೇ ಕ್ರಮೇಣ ಹಾಡಾಗಿ ಬೆಳೆಯಿತು. ಇದು ಆತನ ವಾದದ ತಿರುಳು. ಅಂದರೆ ಸ್ಪೆನ್ಸರನ ಪ್ರಕಾರ ಮಾತು ಮೊದಲು, ಹಾಡು ಅನಂತರ.

1871ರಲ್ಲಿ ಪ್ರಕಟವಾದ ‘ದಿ ಡಿಸೆಂಟ್ ಆಫ್ ಮ್ಯಾನ್’ ಕೃತಿಯಲ್ಲಿ ಚಾರ್ಲ್ಸ್ ಡಾರ್ವಿನ್ನನು ಈ ಕ್ರಮವನ್ನು ತಲೆಕೆಳಗು ಮಾಡಿದನು. ಹಾಡುವ ಶಕ್ತಿಯಾಗಲೀ ಹಾಡನ್ನು ಸವಿಯುವ ಶಕ್ತಿಯಾಗಲೀ ದೈನಂದಿನ ಬದುಕಿಗೆ ನೇರವಾದ ಯಾವ ಉಪಯೋಗಕ್ಕೂ ಬರುವುದಿಲ್ಲ. ಹಾಗಿದ್ದೂ ಅದು ಎಲ್ಲ ಜನಾಂಗಗಳಲ್ಲಿ ಕಂಡುಬರುತ್ತದೆ. ಈ ಒಗಟನ್ನು ಬಿಡಿಸಲು ಆತನು ಹಕ್ಕಿಗಳತ್ತಲೂ ಗಿಬ್ಬನ್ ವಾನರಗಳತ್ತಲೂ ನೋಡಿದನು. ಗಂಡುಹಕ್ಕಿಯು ಹೆಣ್ಣನ್ನು ಒಲಿಸಿಕೊಳ್ಳಲು ಹಾಡುವಂತೆ ಮನುಷ್ಯನ ಪೂರ್ವಜರೂ ಮಾತು ಬರುವ ಮೊದಲೇ ರಾಗತಾಳಗಳಿಂದ ಪರಸ್ಪರ ಆಕರ್ಷಿಸುತ್ತಿದ್ದಿರಬೇಕು ಎಂಬುದು ಆತನ ಊಹೆ. ಇದರಂತೆ ಹಾಡು ಮೊದಲು, ಮಾತು ಅನಂತರ. ಸ್ಪೆನ್ಸರನು ಇದನ್ನು ಒಪ್ಪಲಿಲ್ಲ. 1890ರಲ್ಲಿ ಮತ್ತೆ ಲೇಖನಿ ಹಿಡಿದು ತನ್ನ ನಿಲುವನ್ನು ಸಮರ್ಥಿಸಿಕೊಂಡನು.

ಡಾರ್ವಿನ್ನನ ಕೃತಿ ಲಂಡನ್ನಿನಲ್ಲಿ ಹೊರಬಂದ 1871ರಲ್ಲಿಯೇ ಮದರಾಸಿನಲ್ಲಿ ಚಾರ್ಲ್ಸ್ ಇ. ಗೋವರನ ‘ದಿ ಫೋಕ್ ಸಾಂಗ್ಸ್ ಆಫ್ ಸದರನ್ ಇಂಡಿಯಾ’ ಪ್ರಕಟವಾಯಿತೆಂಬುದು ಇಲ್ಲಿ ಸ್ಮರಣೀಯ. ಕನ್ನಡದ ಹಾಡುಗಳಿಗೂ ಬಡಗರ ಮತ್ತು ಕೊಡವರ ಹಾಡುಗಳಿಗೂ ಅದರಲ್ಲಿ ಪ್ರತ್ಯೇಕ ಭಾಗಗಳಿವೆ. ಎರಡು ಪುಸ್ತಕಗಳ ನಡುವೆ ಯಾವ ಸಂಬಂಧವೂ ಇರಲಿಲ್ಲ. ಒಂದು, ಮನುಷ್ಯನು ಏಕೆ ಹಾಡುತ್ತಾನೆಂದು ಕೇಳಿತು. ಇನ್ನೊಂದು, ದಕ್ಷಿಣ ಭಾರತದ ಜನ ಏನನ್ನು ಹಾಡುತ್ತಾರೆಂದು ಇಂಗ್ಲಿಷಿಗೆ ಅನುವಾದಿಸಿ ತೋರಿಸಿತು. ‘ಏಕೆ’ ಎಂದವರಿಗೆ ಹಾಡುವವರ ಪರಿಚಯವಿರಲಿಲ್ಲ. ‘ಏನು’ ಎಂದವರು ಹಾಡಿನ ಅರ್ಥಕ್ಕೆ ಕೊಟ್ಟ ಗಮನವನ್ನು ದನಿಗೆ ಕೊಡಲಿಲ್ಲ. ಮುಂದಿನ ಒಂದು ಶತಮಾನದ ಉದ್ದಕ್ಕೂ ಈ ಎರಡು ದಾರಿಗಳು ಬೇರೆಬೇರೆಯಾಗಿಯೇ ಸಾಗಿದವು.

3. ಏಣಿಯ ಕಲ್ಪನೆ

ಡಾರ್ವಿನ್ನನ ಜೀವವಿಕಾಸವು ಕವಲೊಡೆಯುವ ಮರದ ಹಾಗಿನದು. ಆದರೆ ಆತನ ಕಾಲದ ಸಮಾಜಚಿಂತಕರು ಅದನ್ನು ಏಣಿಯ ಹಾಗೆ ಓದಿಕೊಂಡರು. ಏಣಿಯ ಮೇಲ್ತುದಿಯಲ್ಲಿ ಯುರೋಪಿನ ಸಿಂಫನಿ. ಕೆಳಗಿನ ಮೆಟ್ಟಿಲುಗಳಲ್ಲಿ ಆಫ್ರಿಕ, ಏಷ್ಯ, ಆಸ್ಟ್ರೇಲಿಯಗಳ ಜನರ ಹಾಡು. ಈಗ ಬದುಕಿರುವ ಸಮುದಾಯಗಳನ್ನೇ ಗತಕಾಲದ ಪಳೆಯುಳಿಕೆಗಳೆಂದು ಭಾವಿಸುವ ಈ ದೃಷ್ಟಿಯು 1893ರಲ್ಲಿ ಪ್ರಕಟವಾದ ರಿಚರ್ಡ್ ವಾಲಶೆಕ್‌ನ ‘ಪ್ರಿಮಿಟಿವ್ ಮ್ಯೂಸಿಕ್’ ಗ್ರಂಥದ ಶೀರ್ಷಿಕೆಯಲ್ಲಿಯೇ ಸ್ಪಷ್ಟವಾಗಿದೆ. ಸಂಗೀತದ ಮೂಲ ಲಯದಲ್ಲಿದೆ, ಸ್ವರದಲ್ಲಲ್ಲ ಎಂಬ ಆತನ ವಿಚಾರವು ಇಂದಿಗೂ ಚರ್ಚಾರ್ಹ. ಆದರೆ ಅದಕ್ಕೆ ಆಧಾರವಾಗಿ ಬಳಸಿದ್ದು ಪ್ರವಾಸಿಗರು, ಪಾದ್ರಿಗಳು ಬರೆದ ವರದಿಗಳನ್ನು. ದಕ್ಷಿಣ ಭಾರತದಲ್ಲಿ ಎಡ್ಗರ್ ಥರ್ಸ್ಟನ್ನನು ಜನರ ತಲೆಬುರುಡೆ, ಮೂಗುಗಳ ಅಳತೆ ತೆಗೆದು, 1909ರಲ್ಲಿ ಏಳು ಸಂಪುಟಗಳಲ್ಲಿ ಜಾತಿ-ಬುಡಕಟ್ಟುಗಳ ವಿವರಣೆ ಪ್ರಕಟಿಸಿದ್ದೂ ಇದೇ ಯುಗದ ಮನೋಧರ್ಮಕ್ಕೆ ಸೇರಿದುದು. ಜೀವವಿಜ್ಞಾನದ ಹೆಸರನ್ನು ಕೇಳಿದೊಡನೆ ಜಾನಪದ ವಿದ್ವಾಂಸರಲ್ಲಿ ಹುಟ್ಟುವ ಅನುಮಾನಕ್ಕೆ ಇಂತಹ ಚರಿತ್ರೆಯೇ ಕಾರಣ. ಆ ಅನುಮಾನ ನಿರಾಧಾರವಲ್ಲ.

ಇದೇ ಕಾಲದಲ್ಲಿ ಭಿನ್ನವಾದ ಒಂದು ದನಿಯೂ ಕೇಳಿಬಂದಿತು. ಲೈಪ್‌ಜಿಗ್‌ನ ಅರ್ಥಶಾಸ್ತ್ರಜ್ಞ ಕಾರ್ಲ್ ಬ್ಯೂಷರ್ 1896ರಲ್ಲಿ ದುಡಿಮೆ ಮತ್ತು ಲಯವನ್ನು ಕುರಿತ ತನ್ನ ಕೃತಿಯನ್ನು ಪ್ರಕಟಿಸಿದನು. ಬೀಸುವುದು, ಕುಟ್ಟುವುದು, ಹುಟ್ಟು ಹಾಕುವುದು, ಭಾರ ಎಳೆಯುವುದು ಮೊದಲಾದ ಕೆಲಸಗಳಲ್ಲಿ ದೇಹವು ತಾನೇ ಒಂದು ಲಯಕ್ಕೆ ಒಳಗಾಗುತ್ತದೆ. ಲಯಬದ್ಧವಾದ ಚಲನೆ ದಣಿವನ್ನು ತಗ್ಗಿಸುತ್ತದೆ, ಹಲವರ ಬಲವನ್ನು ಒಂದೇ ಗಳಿಗೆಗೆ ಕೂಡಿಸುತ್ತದೆ. ಈ ಲಯದಿಂದಲೇ ಹಾಡೂ ಕಾವ್ಯವೂ ಹುಟ್ಟಿದವೆಂಬುದು ಬ್ಯೂಷರನ ವಾದ. ಸಂಗೀತವೆಲ್ಲಕ್ಕೂ ದುಡಿಮೆಯೊಂದೇ ಮೂಲವೆಂಬುದನ್ನು ಒಪ್ಪುವುದು ಕಷ್ಟ. ಯಾವ ಕೆಲಸಕ್ಕೂ ಕಟ್ಟುಬೀಳದ ಹಾಡುಗಳು ಎಲ್ಲ ಕಡೆಯೂ ಇವೆ. ಆದರೂ ಯುರೋಪಿನ ವಿದ್ವತ್ ಲೋಕವು ದುಡಿಯುವವರ ಹಾಡನ್ನು ಸಂಗೀತಚರಿತ್ರೆಯ ಕೇಂದ್ರಕ್ಕೆ ತಂದು ನಿಲ್ಲಿಸಿದ ಮೊದಲ ಪ್ರಯತ್ನಗಳಲ್ಲಿ ಇದು ಒಂದು.

ದನಿಯನ್ನು ಹಿಡಿದಿಡುವ ಸಾಧನವೂ ಅಷ್ಟರಲ್ಲಿ ಬಂದಿತ್ತು. 1877ರಲ್ಲಿ ಎಡಿಸನ್ ಫೋನೋಗ್ರಾಫನ್ನು ರೂಪಿಸಿದನು. 1890ರಲ್ಲಿ ಜೆಸ್ಸಿ ವಾಲ್ಟರ್ ಫ್ಯೂಕ್ಸ್ ಅಮೆರಿಕದ ಪಸಮಕ್ವಾಡಿ ಜನರ ಹಾಡುಗಳನ್ನು ಮೇಣದ ಉರುಳೆಗಳ ಮೇಲೆ ಮುದ್ರಿಸಿಕೊಂಡನು. 1900ರಲ್ಲಿ ಬರ್ಲಿನ್ನಿಗೆ ಬಂದ ಸಯಾಮಿನ ನಾಟಕ ತಂಡವೊಂದರ ಸಂಗೀತವನ್ನು ಮನೋವಿಜ್ಞಾನಿ ಕಾರ್ಲ್ ಸ್ಟುಂಫ್ ಮತ್ತು ವೈದ್ಯ ಆಟೊ ಅಬ್ರಹಾಂ ಮುದ್ರಿಸಿಕೊಂಡರು. ಬರ್ಲಿನ್ನಿನ ಧ್ವನಿ ಸಂಗ್ರಹಾಲಯ ಅಲ್ಲಿಂದಲೇ ಆರಂಭವಾಯಿತು. ಸ್ಟುಂಫ್ 1911ರಲ್ಲಿ ಸಂಗೀತದ ಆರಂಭವನ್ನು ಕುರಿತು ಪುಸ್ತಕ ಬರೆದು, ದೂರದವರನ್ನು ಕೂಗಿ ಕರೆಯುವ ಅಗತ್ಯದಿಂದ ಸ್ಥಿರವಾದ ಸ್ವರ ಹುಟ್ಟಿತು ಎಂದನು. ಗಂಡು, ಹೆಣ್ಣು, ಮಕ್ಕಳು ಒಟ್ಟಿಗೆ ಕೂಗಿದಾಗ ಅವರ ದನಿಗಳು ಅಷ್ಟಮ, ಪಂಚಮಗಳ ಅಂತರದಲ್ಲಿ ಬೆರೆತು ಒಂದೇ ಎನಿಸುತ್ತವೆ. ಸ್ವರಸಂವಾದದ ಮೂಲ ಅದೇ ಎಂಬುದು ಆತನ ಸಿದ್ಧಾಂತ.

ಬರ್ಲಿನ್ ಪಂಥದ ಎರಿಕ್ ಫಾನ್ ಹಾರ್ನ್‌ಬಾಸ್ಟೆಲ್ ಮತ್ತು ಕರ್ಟ್ ಸ್ಯಾಕ್ಸ್ 1914ರಲ್ಲಿ ಪ್ರಕಟಿಸಿದ ವಾದ್ಯಗಳ ವರ್ಗೀಕರಣಕ್ಕೆ ಭಾರತದ ಋಣವಿದೆ. 1876ರಲ್ಲಿ ಶೌರೀಂದ್ರಮೋಹನ ಠಾಕೂರರು ಬೆಲ್ಜಿಯಂ ದೊರೆಗೆ ಕಳುಹಿಸಿದ ಭಾರತೀಯ ವಾದ್ಯಗಳು ಬ್ರಸೆಲ್ಸ್‌ನ ಸಂಗ್ರಹಾಲಯವನ್ನು ಸೇರಿದವು. ಅಲ್ಲಿನ ಮಹಿಯೋಂ ಭರತನ ನಾಟ್ಯಶಾಸ್ತ್ರದ ತತ, ಸುಷಿರ, ಅವನದ್ಧ, ಘನ ಎಂಬ ನಾಲ್ಕು ಬಗೆಯ ವಿಂಗಡಣೆಗೆ ಹೊಂದುವ ಕ್ರಮವನ್ನು ಅನುಸರಿಸಿದನು. ಬರ್ಲಿನ್ನಿನವರು ಅದನ್ನೇ ಮುಂದುವರಿಸಿದರು. ಯಾವ ವಾದ್ಯ ಮೇಲು, ಯಾವುದು ಕೀಳು ಎನ್ನದೆ ಕಂಪಿಸುವ ವಸ್ತು ಯಾವುದೆಂದು ಮಾತ್ರ ಕೇಳುವ ಭರತನ ಈ ಕ್ರಮವು ಏಣಿಯ ಕಲ್ಪನೆಗೆ ಒಳಗಾಗದ ವಿವೇಕವಾಗಿತ್ತು ಎಂಬುದು ಗಮನಾರ್ಹ. ಆದರೆ ರಾಜಕೀಯವು ಈ ಪಂಥವನ್ನು ಉಳಿಯಗೊಡಲಿಲ್ಲ. 1933ರಲ್ಲಿ ನಾಜಿ ಆಡಳಿತ ಬಂದೊಡನೆ ಯೆಹೂದಿ ತಾಯಿಯ ಮಗನಾದ ಹಾರ್ನ್‌ಬಾಸ್ಟೆಲ್ ಹುದ್ದೆ ಕಳೆದುಕೊಂಡು ದೇಶ ಬಿಟ್ಟನು; 1935ರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ತೀರಿಕೊಂಡನು. ಸ್ಯಾಕ್ಸ್ ಕೂಡ ವಲಸೆ ಹೋಗಬೇಕಾಯಿತು. ಜನಾಂಗಶ್ರೇಷ್ಠತೆಯ ಹೆಸರಿನಲ್ಲಿ ನಡೆದ ಮಾರಣಹೋಮದ ಅನಂತರ ‘ಜೈವಿಕ’ ಎಂಬ ಮಾತೇ ಸಂಗೀತಶಾಸ್ತ್ರದಲ್ಲಿ ಅಸ್ಪೃಶ್ಯವಾಯಿತು. ಸಂಗೀತದ ಮೂಲವನ್ನು ಕುರಿತ ಪ್ರಶ್ನೆ ಹಲವು ದಶಕಗಳ ಕಾಲ ಮೂಲೆಗೆ ಬಿದ್ದಿತು.

4. ವೆಂಡ ಸಮುದಾಯದ ಪಾಠ

ಈ ಪ್ರಶ್ನೆಗೆ ಹೊಸ ಘನತೆ ತಂದುಕೊಟ್ಟವರು ಜಾನ್ ಬ್ಲ್ಯಾಕಿಂಗ್. ಅವರು 1956ರಿಂದ 1958ರವರೆಗೆ ದಕ್ಷಿಣ ಆಫ್ರಿಕದ ವೆಂಡ ಜನರ ನಡುವೆ ಕ್ಷೇತ್ರಕಾರ್ಯ ಮಾಡಿದರು. 1967ರಲ್ಲಿ ವೆಂಡ ಮಕ್ಕಳ ಹಾಡುಗಳನ್ನು ಕುರಿತು, 1973ರಲ್ಲಿ ‘ಹೌ ಮ್ಯೂಸಿಕಲ್ ಈಸ್ ಮ್ಯಾನ್?’ ಎಂಬ ಪುಟ್ಟ ಕೃತಿಯನ್ನು ಪ್ರಕಟಿಸಿದರು. ಯುರೋಪಿನ ಸಮಾಜವು ಕೆಲವರನ್ನು ಸಂಗೀತಗಾರರೆಂದೂ ಉಳಿದವರನ್ನು ಕೇಳುಗರೆಂದೂ ಬೇರ್ಪಡಿಸುತ್ತದೆ. ವೆಂಡ ಸಮಾಜವು ಪ್ರತಿಯೊಬ್ಬ ಮನುಷ್ಯನೂ ಹಾಡಬಲ್ಲ, ಕುಣಿಯಬಲ್ಲ ಎಂದು ಭಾವಿಸಿಯೇ ಮಗುವನ್ನು ಬೆಳೆಸುತ್ತದೆ. ಹಾಗಾದರೆ ಮನುಷ್ಯನ ಸಂಗೀತಸಾಮರ್ಥ್ಯವನ್ನು ಅಳೆಯಬೇಕಾದುದು ಎಲ್ಲಿ? ಕೆಲವರಿಗಷ್ಟೇ ಅವಕಾಶವಿರುವ ಕಡೆಯೋ, ಎಲ್ಲರೂ ಭಾಗಿಗಳಾಗುವ ಕಡೆಯೋ? ಬ್ಲ್ಯಾಕಿಂಗ್ ಎತ್ತಿದ ಈ ಪ್ರಶ್ನೆಯು ಏಣಿಯನ್ನು ಬುಡಸಮೇತ ಅಲುಗಿಸಿತು. ಸಂಗೀತವು ಮನುಷ್ಯಜಾತಿಯ ಜೈವಿಕ ಸ್ವತ್ತು. ಸಮುದಾಯಗಳ ನಡುವಿನ ವ್ಯತ್ಯಾಸ ಸಾಮರ್ಥ್ಯದ್ದಲ್ಲ, ಅವಕಾಶದ್ದು ಮತ್ತು ಸಾಮಾಜಿಕ ವ್ಯವಸ್ಥೆಯದ್ದು ಎಂಬ ಅವರ ನಿಲುವು ವರ್ಣಭೇದ ನೀತಿಯ ದೇಶದಲ್ಲಿ ರೂಪುಗೊಂಡುದು ಎಂಬುದನ್ನು ಮರೆಯಬಾರದು.

ಕನ್ನಡ ನಾಡಿನ ಹಳ್ಳಿಗಳನ್ನು ಬಲ್ಲವರಿಗೆ ಬ್ಲ್ಯಾಕಿಂಗರ ಮಾತು ಅಪರಿಚಿತವೆನಿಸುವುದಿಲ್ಲ. ಹಲಸಂಗಿಯ ಗೆಳೆಯರು ಸಂಗ್ರಹಿಸಿ 1931ರಲ್ಲಿ ಪ್ರಕಟಿಸಿದ ‘ಗರತಿಯ ಹಾಡು’ ಯಾವ ಆಸ್ಥಾನದ ವಿದುಷಿಯರದೂ ಅಲ್ಲ. ನಸುಕಿನಲ್ಲಿ ಎದ್ದು ಜೋಳ ಬೀಸುತ್ತಿದ್ದ ಹೆಣ್ಣುಮಕ್ಕಳ ತ್ರಿಪದಿಗಳು ಅವು. ಅವರಲ್ಲಿ ಯಾರೂ ತಮ್ಮನ್ನು ಗಾಯಕಿಯರೆಂದು ಕರೆದುಕೊಂಡವರಲ್ಲ. ಹಾಡುವುದು ಬೀಸುವುದರಷ್ಟೇ ಸಹಜವಾದ ಕ್ರಿಯೆಯಾಗಿತ್ತು.

5. ಮೂಳೆ, ಮಗು ಮತ್ತು ಹಕ್ಕಿ

1990ರ ದಶಕದಲ್ಲಿ ಪ್ರಶ್ನೆ ಮತ್ತೆ ಜೀವ ತಳೆಯಿತು. 1997ರಲ್ಲಿ ಸ್ಟೀವನ್ ಪಿಂಕರ್ ಸಂಗೀತವನ್ನು ಕಿವಿಗೆ ಉಣಿಸುವ ಸಿಹಿತಿನಿಸಿಗೆ ಹೋಲಿಸಿದರು. ನಾಲಿಗೆಯ ಚಪಲಕ್ಕಾಗಿ ಮಾಡಿದ ತಿಂಡಿಯಂತೆ ಅದು ಬೇರೆ ಉದ್ದೇಶಗಳಿಗಾಗಿ ರೂಪುಗೊಂಡ ಮನಶ್ಶಕ್ತಿಗಳನ್ನು ಮುದಗೊಳಿಸುತ್ತದೆಯೇ ಹೊರತು, ಬದುಕುಳಿಯಲು ಅಗತ್ಯವಾದುದಲ್ಲ ಎಂಬುದು ಅವರ ಅಭಿಪ್ರಾಯ. ಈ ಮಾತಿಗೆ ಉತ್ತರವಾಗಿ ಬಂದ ಸಂಶೋಧನೆಗಳೇ ಮುಂದಿನ ಕಾಲು ಶತಮಾನವನ್ನು ತುಂಬಿವೆ. 2000ದಲ್ಲಿ ವಾಲಿನ್, ಮರ್ಕರ್ ಮತ್ತು ಬ್ರೌನ್ ಸಂಪಾದಿಸಿದ ‘ದಿ ಒರಿಜಿನ್ಸ್ ಆಫ್ ಮ್ಯೂಸಿಕ್’ ಸಂಪುಟವು ಜೀವವಿಜ್ಞಾನಿಗಳನ್ನೂ ಸಂಗೀತಶಾಸ್ತ್ರಜ್ಞರನ್ನೂ ಮೊದಲ ಬಾರಿಗೆ ವಿಸ್ತಾರವಾಗಿ ಒಂದೆಡೆ ಸೇರಿಸಿತು.

ಪುರಾತತ್ತ್ವವು ಈ ಚರ್ಚೆಗೆ ಕಾಲದ ಆಳವನ್ನು ಕೊಟ್ಟಿತು. 2008ರಲ್ಲಿ ಜರ್ಮನಿಯ ಹೋಲ ಫೆಲ್ಸ್ ಗುಹೆಯಲ್ಲಿ ರಣಹದ್ದಿನ ರೆಕ್ಕೆಮೂಳೆಯಿಂದ ಮಾಡಿದ, ಐದು ರಂಧ್ರಗಳುಳ್ಳ ಕೊಳಲು ದೊರೆಯಿತು. ಅದರ ಪ್ರಾಯ ಸುಮಾರು 40,000 ವರ್ಷ. ಅದೇ ಪ್ರದೇಶದ ಗೈಸೆನ್‌ಕ್ಲೋಸ್ಟರ್ಲ ಗುಹೆಯಲ್ಲಿ ಹಂಸದ ಮೂಳೆಯ ಮತ್ತು ಮ್ಯಾಮತ್ ದಂತದ ಕೊಳಲುಗಳು ಸಿಕ್ಕಿದ ಪದರಗಳನ್ನು 2012ರ ಅಧ್ಯಯನವು 42,000ದಿಂದ 43,000 ವರ್ಷಗಳಷ್ಟು ಹಿಂದಕ್ಕೆ ಒಯ್ದಿತು. ಚೀನದ ಜಿಯಾಹು ಎಂಬಲ್ಲಿ ಕೊಕ್ಕರೆ ಜಾತಿಯ ಹಕ್ಕಿಯ ಮೂಳೆಯಿಂದ ಮಾಡಿದ, ಏಳರಿಂದ ಒಂಬತ್ತು ಸಾವಿರ ವರ್ಷ ಹಳೆಯ ಕೊಳಲುಗಳಲ್ಲಿ ಒಂದನ್ನು ಇಂದಿಗೂ ನುಡಿಸಬಹುದು. ಸ್ಲೊವೇನಿಯದ ದಿವ್ಯೆ ಬಾಬೆಯಲ್ಲಿ 1995ರಲ್ಲಿ ದೊರೆತ ಗುಹಾಕರಡಿಯ ತೊಡೆಮೂಳೆಯ ರಂಧ್ರಗಳು ನಿಯಾಂಡರ್ತಾಲರ ಕೈಕೆಲಸವೋ, ಪ್ರಾಣಿಯ ಹಲ್ಲಿನ ಗುರುತೋ ಎಂಬುದು ವಿವಾದಾಸ್ಪದ. ಆದರೆ ಕೊಳಲು ಸಂಗೀತದ ಆರಂಭವಲ್ಲ. ಅಷ್ಟು ನಯವಾದ ವಾದ್ಯ ಮಾಡಿದವರಿಗೆ ಹಾಡು ಮೊದಲೇ ಬಂದಿರಬೇಕು. ಕಂಠ, ಚಪ್ಪಾಳೆ, ಹೆಜ್ಜೆಗಳು ಮಣ್ಣಿನಲ್ಲಿ ಉಳಿಯುವುದಿಲ್ಲ. ಮೌಖಿಕ ಪರಂಪರೆಯ ಅಧ್ಯಯನಕಾರರಿಗೆ ಚಿರಪರಿಚಿತವಾದ ಈ ಕೊರತೆಯು ಮನುಷ್ಯಕುಲದ ಇಡೀ ಪೂರ್ವೇತಿಹಾಸಕ್ಕೂ ಅನ್ವಯಿಸುತ್ತದೆ.

ಮಣ್ಣು ಕೊಡಲಾಗದ ಸಾಕ್ಷ್ಯವನ್ನು ಹಸುಗೂಸು ಕೊಟ್ಟಿತು. 2009ರಲ್ಲಿ ಪ್ರಕಟವಾದ ವಿಂಕ್ಲರ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಹುಟ್ಟಿ ಎರಡು ಮೂರು ದಿನಗಳಾದ, ಮಲಗಿದ್ದ ಶಿಶುಗಳಿಗೆ ತಾಳವಾದ್ಯದ ನಡೆಯೊಂದನ್ನು ಕೇಳಿಸಿ, ನಡುನಡುವೆ ಸಮದ ಪೆಟ್ಟನ್ನು ಬಿಟ್ಟುಬಿಡಲಾಯಿತು. ಆ ಪೆಟ್ಟು ತಪ್ಪಿದಾಗಲೆಲ್ಲ ಶಿಶುವಿನ ಮೆದುಳಿನ ವಿದ್ಯುತ್ ತರಂಗಗಳಲ್ಲಿ ಬದಲಾವಣೆ ಕಂಡಿತು. ಯಾರೂ ಕಲಿಸುವ ಮೊದಲೇ ಮಗು ತಾಳವನ್ನು ನಿರೀಕ್ಷಿಸುತ್ತದೆ. ಇದಕ್ಕೆ ವ್ಯತಿರಿಕ್ತವಾಗಿ, ಹುಟ್ಟಿನಿಂದಲೇ ಶ್ರುತಿಭೇದ ತಿಳಿಯದವರು ನೂರಕ್ಕೆ ಸುಮಾರು ಒಂದೂವರೆ ಮಂದಿ ಮಾತ್ರ ಎಂದು 2017ರ ಅಧ್ಯಯನವೊಂದು ಲೆಕ್ಕ ಹಾಕಿದೆ. 2022ರಲ್ಲಿ ಆರು ಲಕ್ಷಕ್ಕೂ ಹೆಚ್ಚು ಜನರ ವಂಶವಾಹಿಗಳನ್ನು ಪರಿಶೀಲಿಸಿದ ಸಂಶೋಧಕರು ತಾಳಕ್ಕೆ ತಕ್ಕಂತೆ ಚಪ್ಪಾಳೆ ತಟ್ಟುವ ಶಕ್ತಿಗೆ 69 ನೆಲೆಗಳು ಸಂಬಂಧಿಸಿವೆಯೆಂದು ಕಂಡುಕೊಂಡರು. ಸಂಗೀತಕ್ಕೆಂದೇ ಮೀಸಲಾದ ಒಂದು ವಂಶವಾಹಿ ಇಲ್ಲ. ದೇಹದ ಅನೇಕ ಎಳೆಗಳು ಕೂಡಿ ಈ ಶಕ್ತಿಯನ್ನು ನೇಯ್ದಿವೆ.

ಪ್ರಾಣಿಗಳತ್ತ ಮತ್ತೊಮ್ಮೆ ನೋಡಿದಾಗ ನಾರದೀಯ ಶಿಕ್ಷೆಯ ಪಟ್ಟಿಗೆ ಹೊಸ ಅರ್ಥ ಬರುತ್ತದೆ. ಕೇಳಿದ ದನಿಯನ್ನು ಅನುಕರಿಸಿ ಕಲಿಯುವ ಶಕ್ತಿ ಬಹುತೇಕ ಪ್ರಾಣಿಗಳಿಗಿಲ್ಲ. ಗಾಯಕ ಹಕ್ಕಿಗಳು, ಗಿಳಿಗಳು, ಝೇಂಕಾರದ ಹಕ್ಕಿಗಳು, ತಿಮಿಂಗಿಲಗಳು, ಸೀಲುಗಳು, ಕೆಲವು ಬಾವಲಿಗಳು ಮತ್ತು ಆನೆಗಳಲ್ಲಿ ಅದು ಕಂಡುಬಂದಿದೆ. ಕವಿಗಳು ಹಾಡಿ ಹೊಗಳಿದ ಕೋಗಿಲೆಯು ಈ ಪಟ್ಟಿಯಲ್ಲಿಲ್ಲ. ಅದು ಕಾಗೆಯ ಗೂಡಿನಲ್ಲಿ ಬೆಳೆದರೂ ಕಾಗೆಯಂತೆ ಕೂಗದು. ತನ್ನ ಹೆತ್ತವರ ದನಿಯನ್ನು ಕೇಳದೆಯೂ ಕುಹೂ ಎನ್ನುತ್ತದೆ. ಅದರ ಪಂಚಮ ಹುಟ್ಟಿನಿಂದಲೇ ಬಂದುದು. ಮನುಷ್ಯನ ಮಗು ಹಾಗಲ್ಲ. ಯಾರ ಮಡಿಲಲ್ಲಿ ಬೆಳೆಯುತ್ತದೆಯೋ ಅವರ ಹಾಡನ್ನೇ ಹಾಡುತ್ತದೆ. 2009ರಲ್ಲಿ ಸ್ನೋಬಾಲ್ ಎಂಬ ಕಾಕಟೂ ಗಿಳಿಯು ಹಾಡಿನ ಗತಿ ಬದಲಾದಂತೆಲ್ಲ ತನ್ನ ಕುಣಿತದ ಗತಿಯನ್ನು ಬದಲಿಸುತ್ತದೆಂದು ಅನಿರುದ್ಧ ಪಟೇಲ್ ಮತ್ತು ಸಂಗಡಿಗರು ತೋರಿಸಿದಾಗ, ದನಿಯನ್ನು ಕಲಿಯುವ ಶಕ್ತಿಗೂ ತಾಳ ಹಿಡಿಯುವ ಶಕ್ತಿಗೂ ಸಂಬಂಧವಿದೆಯೆಂಬ ವಾದಕ್ಕೆ ಬಲ ಬಂದಿತು. 2013ರಲ್ಲಿ ರೋನನ್ ಎಂಬ ಕಡಲಸಿಂಹವೂ ತರಬೇತಿಯಿಂದ ತಾಳ ಹಿಡಿಯಿತು. ದನಿಯನ್ನು ಅನುಕರಿಸಿ ಕಲಿಯುವ ಜಾತಿಯೆಂದು ಕಡಲಸಿಂಹವನ್ನು ಪರಿಗಣಿಸಿರಲಿಲ್ಲವಾದ ಕಾರಣ ಆ ವಾದವನ್ನು ಮರುಪರಿಶೀಲಿಸಬೇಕಾಯಿತು.

6. ಜೋಗುಳದ ಸಾಕ್ಷ್ಯ

ಇಪ್ಪತ್ತೊಂದನೆಯ ಶತಮಾನದ ಎರಡನೆಯ ದಶಕದಲ್ಲಿ ಚರ್ಚೆಯು ಜಾನಪದದ ಅಂಗಳಕ್ಕೆ ಬಂದಿತು. 2019ರಲ್ಲಿ ಸ್ಯಾಮ್ಯುಯೆಲ್ ಮೆಹ್ರ್ ಮತ್ತು ಸಂಗಡಿಗರು ಜಗತ್ತಿನ 60 ಸಮಾಜಗಳ ಜನಾಂಗವರ್ಣನೆಗಳಲ್ಲಿ ಹಾಡನ್ನು ಕುರಿತ ಸುಮಾರು 5000 ವಿವರಣೆಗಳನ್ನೂ 86 ಸಮಾಜಗಳ 118 ಹಾಡುಗಳ ಧ್ವನಿಮುದ್ರಣಗಳನ್ನೂ ವಿಶ್ಲೇಷಿಸಿದರು. ಹಾಡಿಲ್ಲದ ಸಮಾಜ ದೊರೆಯಲಿಲ್ಲ. ಒಂದು ಸಮಾಜದಿಂದ ಇನ್ನೊಂದಕ್ಕೆ ಇರುವ ವ್ಯತ್ಯಾಸಕ್ಕಿಂತ ಒಂದೇ ಸಮಾಜದೊಳಗಿನ ಹಾಡುಗಳ ನಡುವಣ ವ್ಯತ್ಯಾಸವೇ ಹೆಚ್ಚಾಗಿತ್ತು. ಏಣಿಯ ಸಿದ್ಧಾಂತಕ್ಕೆ ಇದಕ್ಕಿಂತ ಸ್ಪಷ್ಟವಾದ ನಿರಾಕರಣೆ ಬೇಕಿಲ್ಲ.

2023ರ ಇನ್ನೊಂದು ಅಧ್ಯಯನದಲ್ಲಿ 49 ಕೈಗಾರಿಕಾ ಸಮಾಜಗಳ ಮತ್ತು ಮೂರು ಸಣ್ಣ ಸಮುದಾಯಗಳ ಕೇಳುಗರು ಅರಿಯದ ಭಾಷೆಯ ಹಾಡುಗಳನ್ನು ಕೇಳಿ ಅವುಗಳ ಸಂದರ್ಭವನ್ನು ಊಹಿಸಿದರು. ಕುಣಿತದ ಹಾಡನ್ನೂ ಜೋಗುಳವನ್ನೂ, ಸ್ವಲ್ಪ ಮಟ್ಟಿಗೆ ರೋಗ ನಿವಾರಣೆಯ ಹಾಡನ್ನೂ ಅವರು ಗುರುತಿಸಿದರು. ಪ್ರಣಯದ ಹಾಡನ್ನು ಮಾತ್ರ ಗುರುತಿಸಲಾಗಲಿಲ್ಲ. ಪ್ರಣಯವೇ ಹಾಡಿನ ಮೂಲವೆಂಬ ಡಾರ್ವಿನ್ನನ ಊಹೆಗೆ ಇದರಿಂದ ಬೆಂಬಲ ದೊರೆಯುವುದಿಲ್ಲ. ಹಾಡಿನ ರೂಪಕ್ಕೂ ಉದ್ದೇಶಕ್ಕೂ ಬಿಗಿಯಾದ ನಂಟು ಕಾಣುವುದು ತೊಟ್ಟಿಲ ಬಳಿಯಲ್ಲಿ ಮತ್ತು ಕುಣಿತದ ಕಣದಲ್ಲಿ. ಅಪರಿಚಿತ ಭಾಷೆಯ ಜೋಗುಳ ಕೇಳಿದ ಶಿಶುಗಳ ಹೃದಯಬಡಿತ ಇಳಿಯುತ್ತದೆಂಬುದನ್ನು 2021ರ ಪ್ರಯೋಗವೊಂದು ತೋರಿಸಿದೆ.

ಇದೇ ಆಧಾರಗಳಿಂದ 2021ರಲ್ಲಿ ಎರಡು ಸಿದ್ಧಾಂತಗಳು ಒಟ್ಟಿಗೆ ಪ್ರಕಟವಾದವು. ಪ್ಯಾಟ್ರಿಕ್ ಸ್ಯಾವೇಜ್ ಮತ್ತು ಸಂಗಡಿಗರ ಪ್ರಕಾರ ಸಂಗೀತದ ಮುಖ್ಯ ಕಾರ್ಯ ಜನರನ್ನು ಬೆಸೆಯುವುದು. ಮೆಹ್ರ್ ಮತ್ತು ಸಂಗಡಿಗರ ಪ್ರಕಾರ ಅದು ನಂಬಲರ್ಹವಾದ ಸಂಕೇತ. ಹಾಡುವ ತಾಯಿಯ ಗಮನ ತನ್ನ ಮೇಲಿದೆಯೆಂದು ಮಗು ತಿಳಿಯುತ್ತದೆ. ಒಂದೇ ತಾಳಕ್ಕೆ ಕುಣಿಯುವ ಗುಂಪು ತಮ್ಮಲ್ಲಿ ಒಗ್ಗಟ್ಟಿದೆಯೆಂದು ಹೊರಗಿನವರಿಗೆ ಸಾರುತ್ತದೆ. ಬೆಸುಗೆಯ ವಾದಕ್ಕೆ ಲೈಪ್‌ಜಿಗ್‌ನಲ್ಲಿಯೇ ಒಂದು ಆಧಾರ ದೊರೆತಿತ್ತು. 2010ರಲ್ಲಿ ಕಿರ್ಷ್‌ನರ್ ಮತ್ತು ಟೊಮಸೆಲ್ಲೊ ಅಲ್ಲಿ ನಡೆಸಿದ ಪ್ರಯೋಗದಲ್ಲಿ, ಒಟ್ಟಿಗೆ ಹಾಡಿ ಕುಣಿದ ನಾಲ್ಕು ವರ್ಷದ ಮಕ್ಕಳು ಹಾಡಿಲ್ಲದೆ ಆಡಿದ ಮಕ್ಕಳಿಗಿಂತ ಹೆಚ್ಚಾಗಿ ಪರಸ್ಪರ ನೆರವಾದರು. ದುಡಿಮೆಯ ಲಯವು ಜನರನ್ನು ಕೂಡಿಸುತ್ತದೆಂದು ಬ್ಯೂಷರ್ ಬರೆದ ಅದೇ ನಗರದಲ್ಲಿ, ನೂರು ವರ್ಷಗಳ ಅನಂತರ, ಆತನ ಒಳನೋಟದ ಒಂದು ಭಾಗ ಪ್ರಯೋಗದಿಂದ ಬೆಂಬಲ ಪಡೆಯಿತು. ಸ್ಟುಂಫನ ಸಿದ್ಧಾಂತಕ್ಕೆ ಈ ಭಾಗ್ಯ ಒದಗಲಿಲ್ಲ. ಬೊಲಿವಿಯದ ಚಿಮಾನೆ ಜನರು ಸಂವಾದಿ, ವಿವಾದಿ ಸ್ವರಗಳೆರಡನ್ನೂ ಸಮಾನವಾಗಿ ಮೆಚ್ಚುತ್ತಾರೆಂದು 2016ರಲ್ಲಿ ಜೋಶ್ ಮೆಕ್‌ಡರ್ಮಾಟ್ ಮತ್ತು ಸಂಗಡಿಗರು ಪ್ರಕಟಿಸಿದರು. ಯುರೋಪಿನ ಕಿವಿಗೆ ಪ್ರಕೃತಿಸಿದ್ಧವೆನಿಸಿದ್ದ ಇಂಪು ಅಲ್ಲಿನ ರೂಢಿಯಿಂದ ಬಂದುದಾಗಿತ್ತು.

7. ಸಾಮರ್ಥ್ಯ ಉಳಿದು ಹಾಡು ಅಳಿದಾಗ

ಜೋಗುಳವು ವಿಶ್ವವ್ಯಾಪಿಯಾದರೆ ಅದು ತಾನಾಗಿಯೇ ಉಳಿಯುತ್ತದೆಯೆ? 2025ರಲ್ಲಿ ಮನ್ವೀರ್ ಸಿಂಗ್ ಮತ್ತು ಕಿಮ್ ಹಿಲ್ ಪ್ರಕಟಿಸಿದ ಅಧ್ಯಯನ ಈ ಪ್ರಶ್ನೆಗೆ ಎಚ್ಚರಿಕೆಯ ಉತ್ತರ ಕೊಡುತ್ತದೆ. ಪರಾಗ್ವೆಯ ಕಾಡುಗಳಲ್ಲಿ ಬೇಟೆಯಾಡಿ ಬದುಕುತ್ತಿದ್ದ ಉತ್ತರದ ಅಚೆ ಜನರ ನಡುವೆ ಹಿಲ್ ಅವರು 1977ರಿಂದ 2020ರವರೆಗೆ ಬಿಟ್ಟು ಬಿಟ್ಟು, ಒಟ್ಟು 122 ತಿಂಗಳು ಇದ್ದರು. ಆ ಅವಧಿಯಲ್ಲಿ ಅವರು ಕುಣಿತವನ್ನು ಕಾಣಲಿಲ್ಲ, ಮಗುವಿಗಾಗಿ ಹಾಡಿದ ಹಾಡನ್ನು ಕೇಳಲಿಲ್ಲ. ಅಚೆ ತಂದೆತಾಯಿಯರು ನಗು, ಮುಖಚೇಷ್ಟೆ, ಮುದ್ದುಮಾತುಗಳಿಂದ ಮಗುವನ್ನು ಸಂತೈಸುತ್ತಾರೆ. ಅವರಲ್ಲಿ ಹಾಡು ಇಲ್ಲವೆಂದಲ್ಲ. ಗಂಡಸರು ಬೇಟೆಯನ್ನು ಕುರಿತು, ಹೆಂಗಸರು ಅಗಲಿದವರನ್ನು ನೆನೆದು ಒಬ್ಬೊಬ್ಬರಾಗಿ ಹಾಡುತ್ತಾರೆ. ಜನಸಂಖ್ಯೆ ಕುಗ್ಗಿದ ಸಂಕಟದ ಕಾಲದಲ್ಲೋ, ನೆಲೆ ತಪ್ಪಿ ವಸಾಹತುಗಳಿಗೆ ಬಂದಾಗಲೋ ಅವರು ಕುಣಿತವನ್ನೂ ಜೋಗುಳವನ್ನೂ ಕಳೆದುಕೊಂಡಿರಬೇಕೆಂಬುದು ಅಧ್ಯಯನಕಾರರ ಅಭಿಪ್ರಾಯ. ಬೆಂಕಿ ಹೊತ್ತಿಸುವ ವಿದ್ಯೆಯೂ ಅವರಲ್ಲಿ ಅದೇ ರೀತಿ ನಷ್ಟವಾಗಿದೆ.

ಈ ಸಂಗತಿಯಿಂದ ಹೊರಡುವ ತೀರ್ಮಾನ ಮಹತ್ವದ್ದು. ತಾಳವನ್ನು ನಿರೀಕ್ಷಿಸುವ ಮೆದುಳು, ಹಾಡಿಗೆ ಸಮಾಧಾನಗೊಳ್ಳುವ ದೇಹ ಹುಟ್ಟಿನಿಂದ ಬರುತ್ತವೆ. ಆದರೆ ಹಾಡು ಬರುವುದಿಲ್ಲ. ಅದನ್ನು ಒಬ್ಬರು ಇನ್ನೊಬ್ಬರಿಗೆ ಕೊಡಬೇಕು. ಕೊಡುವ ಸರಪಳಿ ಒಮ್ಮೆ ಕಡಿದರೆ ಸಾಮರ್ಥ್ಯ ಉಳಿದಿದ್ದೂ ಹಾಡು ಅಳಿಯುತ್ತದೆ. ಮನುಷ್ಯನಿಗೆ ಕೋಗಿಲೆಯ ಭದ್ರತೆಯಿಲ್ಲ.

ಕನ್ನಡ ನಾಡಿನಲ್ಲಿ ಹಿಟ್ಟಿನ ಗಿರಣಿ ಬಂದು ಬೀಸುವ ಕಲ್ಲು ಮೂಲೆ ಸೇರಿದಾಗ ಹೆಣ್ಣುಮಕ್ಕಳ ರಟ್ಟೆಯ ನೋವು ಕಡಮೆಯಾಯಿತು. ಅದಕ್ಕಾಗಿ ಯಾರೂ ಮರುಗಬೇಕಾಗಿಲ್ಲ. ಆದರೆ ಬೀಸುವ ಕಲ್ಲಿನೊಡನೆ ಹಾಡಿನ ಸಂದರ್ಭವೂ ಮೂಲೆ ಸೇರಿತು. ತ್ರಿಪದಿಗಳ ಮಾತು ಪುಸ್ತಕಗಳಲ್ಲಿ ಉಳಿಯಿತು. ಕಲ್ಲಿನ ಸುತ್ತಿಗೆ ಉಸಿರು ಹೊಂದುತ್ತಿದ್ದ ಬಗೆ, ಎದುರುಬದುರು ಕುಳಿತ ಇಬ್ಬರು ಒಂದೇ ಗೂಟ ಹಿಡಿದು ಸೊಲ್ಲನ್ನು ಹಂಚಿಕೊಳ್ಳುತ್ತಿದ್ದ ಬಗೆ ಅಕ್ಷರಕ್ಕೆ ಇಳಿಯುವಂಥವಲ್ಲ. ಜೈವಿಕ ಮೂಲವನ್ನು ಅರಸುವವರಿಗೆ ಇಂದು ಬೇಕಾಗಿರುವುದು ಆ ಬಗೆಯೇ. ಕನ್ನಡದ ಜಾನಪದ ಸಂಗ್ರಹವು ಬಹುಕಾಲ ಪಠ್ಯಕ್ಕೆ ಕೊಟ್ಟ ಪ್ರಾಶಸ್ತ್ಯವನ್ನು ದನಿಗೆ ಕೊಡಲಿಲ್ಲ ಎಂಬುದನ್ನು ಒಪ್ಪಿಕೊಳ್ಳಬೇಕು.

ಬೇರೆ ಮಾದರಿಗಳೂ ಇವೆ. ಡಚ್ ವಿದ್ವಾಂಸ ಆರ್ನಾಲ್ಡ್ ಬಾಕೆ 1938ರಲ್ಲಿ ಇಂದಿನ ತಮಿಳುನಾಡು, ಕೇರಳ, ಕರ್ನಾಟಕಗಳಲ್ಲಿ ಸಂಚರಿಸಿ ಧ್ವನಿಮುದ್ರಣ ಮಾಡಿದನು. 46 ವರ್ಷಗಳ ಅನಂತರ, 1984ರಲ್ಲಿ, ನಜೀರ್ ಜೈರಾಜಭಾಯ್ ಮತ್ತು ಏಮಿ ಕ್ಯಾಟ್ಲಿನ್ ಆ ಮುದ್ರಣಗಳನ್ನು ಹೊತ್ತು ಅದೇ ದಾರಿಯಲ್ಲಿ ಮರಳಿ ಹೋಗಿ, ಏನು ಉಳಿದಿದೆ, ಏನು ಬದಲಾಗಿದೆ ಎಂಬುದನ್ನು ದಾಖಲಿಸಿದರು. ಎಚ್. ಎಲ್. ನಾಗೇಗೌಡರು 1994ರಲ್ಲಿ ರಾಮನಗರದ ಬಳಿ ಕಟ್ಟಿದ ಜಾನಪದ ಲೋಕವು ವಸ್ತುಗಳ ಜೊತೆಗೆ ದನಿಗೂ ನೆಲೆ ಕೊಟ್ಟಿತು. ಇಂತಹ ಸಂಗ್ರಹಗಳಲ್ಲಿರುವ ಮುದ್ರಣಗಳಿಗೆ ಹಾಡಿದವರ ಹೆಸರು, ಊರು, ಸಂದರ್ಭ, ದೇಹದ ಚಲನೆಗಳ ವಿವರ ಕೂಡಿದರೆ ಮಾತ್ರ ಅವು ಮುಂದಿನ ವಿಜ್ಞಾನಕ್ಕೆ ಸಾಕ್ಷ್ಯವಾಗಬಲ್ಲವು. ಹಾಡಿದವರನ್ನು ಹೆಸರಿಲ್ಲದ ಮಾದರಿಗಳನ್ನಾಗಿ ಬಳಸಿದರೆ ಹಳೆಯ ಏಣಿಯೇ ಹೊಸ ಯಂತ್ರಗಳೊಡನೆ ಮರಳಿ ಬರುತ್ತದೆ.

1871ರಲ್ಲಿ ಬೇರೆಬೇರೆಯಾಗಿ ಹೊರಟ ‘ಏಕೆ’ ಮತ್ತು ‘ಏನು’ ಎಂಬ ಎರಡು ಪ್ರಶ್ನೆಗಳು ಒಂದೂವರೆ ಶತಮಾನದ ಅನಂತರ ತೊಟ್ಟಿಲ ಬಳಿ ಸಂಧಿಸಿವೆ. ತೊಟ್ಟಿಲಲ್ಲಿರುವ ಮಗು ತಾಳಕ್ಕೆ ಕಿವಿಗೊಟ್ಟೇ ಹುಟ್ಟಿದೆ. ಆ ಕಿವಿಗೆ ಬೀಳುವ ಹಾಡು ಯಾವುದು ಎಂಬುದನ್ನು ನಿರ್ಧರಿಸುವುದು ಜೀವವಿಕಾಸವಲ್ಲ, ತೊಟ್ಟಿಲು ತೂಗುವ ಕೈ.